ಮಾವ ಶ್ರುತಿ ಮಾಡಿಟ್ಟ ಗಿಟಾರ್

ಭಾನುವಾರ, ಊಟದ ಪಾತ್ರೆ ತೊಳೆದಾದ ಮೇಲೆ

ನಮ್ಮ ಪಿಟೀಲು ನಾದಿನಿಗೆ, ಅತ್ತಿಗೆಯ ಪ್ರೀತಿಯ ನೆನಪುಗಳು.

“ಅದು ಗಿಟಾರ್ ಅಲ್ಲ ಅತ್ತಿಗೆ, ಮನೇಲಿರೋ ಎರಡನೇ ಅತ್ತೆ” ಎಂದು ಒಬ್ಬರು ಹೇಳಿದ್ದೂ ಇನ್ನೊಬ್ಬರು ನಕ್ಕಿದ್ದೂ ನೆನಪಿದೆ. ಹೇಳಿದ್ದು ಯಾರು, ನಕ್ಕಿದ್ದು ಯಾರು ಎಂಬುದು ಮರೆತಿದೆ. ಮಾತಿನೊಳಗೆ ‘ಅತ್ತಿಗೆ’ ಇರುವುದರಿಂದ ನೀನೇ ಹೇಳಿರಬೇಕು. ಆದರೆ ಆಮೇಲೆ ನಾನೇ ಅದನ್ನು ನಿನ್ನ ಬಾಯಿಗೆ ಕೂರಿಸಿರಲೂಬಹುದು. ಬೇರೆಯವರ ಬಾಯಿಗೆ ಇಲ್ಲದ್ದನ್ನು ಕೂರಿಸುವುದೇ ಅಲ್ಲವೇ ನನ್ನ ಹೊಟ್ಟೆಪಾಡು. ಕಟ್ಟಿಸಿದ ಹಲ್ಲುಗಳನ್ನು ಮಾಡಿ ಮಾಡಿ ಈಗ ಯಾರಾದರೂ ಎದುರಿಗೆ ನಕ್ಕರೆ ನನಗೆ ಅವರ ಸಂತೋಷ ಕಾಣುವುದಿಲ್ಲ, ದವಡೆ ಕಾಣುತ್ತದೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಫೋನಿನಲ್ಲೇ ಹೇಳಿಬಿಡೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿದೆ. ಕೆಲಸದ ಜಾಗದಿಂದ ಮಾಡೋಣವೆಂದರೆ ಅಲ್ಲಿ ದಿನವಿಡೀ ಮೆಷಿನ್ನು ಕೊರೆಯುತ್ತಿರುತ್ತದೆ, ಸಂಜೆಯ ಹೊತ್ತಿಗೆ ನನ್ನ ಕಿವಿಯೊಳಗೂ ಪ್ಲಾಸ್ಟರಿನ ಪುಡಿ. ಹಾಗಾಗಿ ಬರೆಯುತ್ತಿದ್ದೇನೆ. ನಿಮ್ಮಣ್ಣ ಇದನ್ನು ಓದಿದ ಮೇಲೆಯೇ ಅಂಚೆಗೆ ಹಾಕುವುದು ಎಂದು ನಮ್ಮಲ್ಲಿ ಮಾತಾಗಿದೆ. ಅವರ ವಿಷಯವೂ ಇದರಲ್ಲಿ ಇರುವುದರಿಂದ ಅದು ನ್ಯಾಯವೇ.

ಮೊದಲು ಸುದ್ದಿ. ಗಿಟಾರ್ ಈಗ ಮನೆಯಲ್ಲಿಲ್ಲ, ರಿಪೇರಿಗೆ ಹೋಗಿದೆ. ತಂತಿಗಳನ್ನೆಲ್ಲ ಬಿಚ್ಚಿಯಾಗಿದೆ. ಈ ವಾಕ್ಯವನ್ನು ನೀನು ಎರಡು ಸಲ ಓದಿಕೊಳ್ಳುತ್ತೀಯೆಂದು ಗೊತ್ತು. ಹೌದು, ಬಿಚ್ಚಿಯಾಗಿದೆ. ಅತ್ತೆ ಒಪ್ಪಿದರು.

ನೀನು ದೂರದಲ್ಲಿದ್ದೆ, ನಿನಗೆ ಎಷ್ಟು ಗೊತ್ತಿದೆಯೋ ಎಷ್ಟು ಇಲ್ಲವೋ. ನಿನ್ನಪ್ಪ, ಅಂದರೆ ಮಾವ, ಹೋಗುವ ಹಿಂದಿನ ಸಂಜೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಿರಡೆಗಳನ್ನು ತಿರುಗಿಸಿ ತಿರುಗಿಸಿ ಶ್ರುತಿ ಮಾಡಿದರು. ಆಮೇಲೆ ಏನನ್ನೂ ನುಡಿಸಲಿಲ್ಲ. “ಇವತ್ತು ಬೇಡ, ನಾಳೆ ನೋಡೋಣ” ಎಂದು ನಡುಮನೆಯ ಗಾಜಿನ ಬೀರುವಿನಲ್ಲಿ ಒರಗಿಸಿಟ್ಟರು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಾ ಅರ್ಧ ಕೆನ್ನೆಗೆ ನೊರೆ ಇರುವಾಗಲೇ ಕುಸಿದರು. ನೀನು ಬಂದು ತಲುಪುವ ಹೊತ್ತಿಗೆ ಅತ್ತೆ ಬೀರುವಿಗೆ ಬೆನ್ನು ಕೊಟ್ಟು ನಿಂತು ಆಜ್ಞೆ ಹೊರಡಿಸಿಯಾಗಿತ್ತು: “ಅವರು ಶ್ರುತಿ ಮಾಡಿಟ್ಟು ಹೋಗಿದಾರೆ. ಬಿರಡೆ ಯಾರೂ ಮುಟ್ಟಕೂಡದು.” ಅವತ್ತು ಅದು ದುಃಖದ ಮಾತು. ಆಮೇಲೆ ಅದು ಮನೆಯ ಕಾನೂನಾಯಿತು. ದುಃಖ ಹಳತಾಗಿ ಕಾನೂನಾಗುವುದು ಯಾವ ದಿನ ಎಂದು ಯಾರೂ ಗುರುತು ಹಾಕಿಕೊಳ್ಳುವುದಿಲ್ಲ.

ನಿಮ್ಮ ತಾತ ಹಡಗಿನ ಅಡುಗೆಯವರಾಗಿದ್ದಾಗ ಯಾವುದೋ ಬಂದರಿನಿಂದ ಹೊತ್ತು ತಂದ ಗಿಟಾರ್ ಅದು. ಅವರಿಂದ ಮಾವನಿಗೆ, ಮಾವನಿಂದ ನಿನಗೆ ಎಂದು ಮಾವ ಎಲ್ಲರೆದುರಿಗೂ ಹೇಳಿದ್ದರು. ನಿಮ್ಮಣ್ಣನಿಗೆ ಅದರಲ್ಲಿ ತಕರಾರಿರಲಿಲ್ಲ. “ನನಗೆ ತಾಳವೂ ಇಲ್ಲ ಮೇಳವೂ ಇಲ್ಲ” ಎಂದು ಅವರೇ ಹೇಳಿಕೊಳ್ಳುತ್ತಾರೆ. ಆದರೆ ಮುಟ್ಟಕೂಡದ ವಸ್ತುವನ್ನು ನಿನಗೆ ಕೊಡುವುದು ಹೇಗೆ? ಹನ್ನೊಂದು ವರ್ಷ ಅದು ಬೀರುವಿನಲ್ಲೇ ನಿಂತಿತ್ತು. ಭಾನುವಾರ ಬೆಳಿಗ್ಗೆ ಅತ್ತೆ ಬೀರುವಿನ ಬಾಗಿಲು ತೆರೆದು, ಮೆತ್ತನೆ ಬಟ್ಟೆಯಲ್ಲಿ ಗಿಟಾರಿನ ಮೈ ಒರೆಸಿ, ಹೆಬ್ಬೆರಳಿನಿಂದ ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಒಮ್ಮೆ ಸವರುತ್ತಿದ್ದರು. ಆರೂ ತಂತಿ ಒಂದರ ಹಿಂದೊಂದು ನುಡಿಯುತ್ತಿದ್ದವು. ಒಂದು ಕ್ಷಣ ತಡೆದು ಅತ್ತೆ “ಇದೆ” ಎನ್ನುತ್ತಿದ್ದರು. ಅಷ್ಟೇ. ಬಾಗಿಲು ಮುಚ್ಚುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಆ “ಇದೆ”ಗಾಗಿ ಕಾಯುತ್ತಿದ್ದೆ ಎಂದು ಈಗ ಅನಿಸುತ್ತದೆ. ಅದು ಕೇಳಿದ ಮೇಲೆಯೇ ಭಾನುವಾರ ಶುರುವಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬೀರುವಿನೊಳಗಿಂದ ಟಪ್ ಎಂದು ಸದ್ದಾಯಿತು. ಪ್ಲಾಸ್ಟರ್ ಅಚ್ಚು ಒಣಗುವಾಗ ಬಿರುಕು ಬಿಡುವ ಸದ್ದು ನನಗೆ ಚೆನ್ನಾಗಿ ಗೊತ್ತು, ಥೇಟ್ ಹಾಗೆ. ಹೋಗಿ ನೋಡಿದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ ಹಿಂಬದಿಯಲ್ಲಿ ಎದ್ದು ಬಂದಿತ್ತು. ಕೆಳಗೆ ಬೆರಳುಗುರು ತೂರಿಸಬಹುದಾಗಿತ್ತು. ಹೊಟ್ಟೆಯೂ ಉಬ್ಬಿತ್ತು, ಉಂಡು ಮಲಗಿದವರ ಹಾಗೆ. ಕತ್ತು ಮುಂದಕ್ಕೆ ಬಾಗಿತ್ತು. ಆ ವಾರವೇ ನಿನ್ನ ಕಾಗದ ಬಂತು: ಶಾಲೆಯ ಕೆಲಸ ಬಿಟ್ಟಿದ್ದೀಯ, ಕೈ ಖಾಲಿಯಿದೆ, ಅಮ್ಮ ಇರುವಾಗಲೇ ಅಪ್ಪನ ಗಿಟಾರನ್ನು ಅವಳ ಎದುರು ಒಂದು ಸಲ ನುಡಿಸಬೇಕು ಎಂದು. ನಾನು ಕಾಗದ ಓದುತ್ತಾ ಬೀರುವಿನ ಕಡೆ ನೋಡುತ್ತಿದ್ದೆ. ನೀನು ಕೇಳುತ್ತಿರುವುದು ನಮ್ಮ ಕಣ್ಣೆದುರಿಗೇ ಸೀಳಿಹೋಗುತ್ತಿತ್ತು.

ಗಿಟಾರ್ ಮನೆಯಿಂದ ಆಚೆ ಹೋಗಲು ಅತ್ತೆ ಬಿಡಲಿಲ್ಲ, ಹಾಗಾಗಿ ರಿಪೇರಿಯವರೇ ಬರಬೇಕಾಯಿತು. ಬೀಗದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವಾದ್ಯಗಳನ್ನು ಸರಿಮಾಡುವ ಭಾರೀ ಆಸಾಮಿ. ಮೈಯೆಲ್ಲ ಮರವಜ್ರದ ವಾಸನೆ. ಅಂಟಿಗೆ ಮರವಜ್ರ ಎಂದು ಹೆಸರಿಟ್ಟವರು ಆ ವಾಸನೆಯನ್ನು ಮೂಸಿರಲಾರರು. ಗೊರಸು, ಚರ್ಮ ಎಲ್ಲ ಕುದಿಸಿ ಮಾಡುವುದಂತೆ. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ ಬಂದು, ಸೋಫಾದಲ್ಲಿ ಕುಸಿದು, ನೀರು ಕುಡಿದು, ಮೊದಲು ತಮ್ಮ ಮಂಡಿಯ ಕಥೆ ಹೇಳಿದರು. ಆಮೇಲೆ ತಮ್ಮ ಕೀರ್ತಿಯ ಕಥೆ. “ನಾನು ರಿಪೇರಿ ಮಾಡಿ ಕೊಟ್ರೆ ಅದರ ಯಜಮಾನರಿಗೇ ಗುರ್ತು ಸಿಗಲ್ಲಮ್ಮ” ಎಂದರು. ಅದು ಹೊಗಳಿಕೆಯೆಂದು ಅವರು ನಂಬಿದ್ದರು. ಅತ್ತೆ ಕೂತಲ್ಲಿಂದಲೇ “ಹಾಗಾದ್ರೆ ಮುಟ್ಟೋದೇ ಬೇಡ” ಎಂದರು.

ನಾನು ಬೀರು ತೆರೆದೆ. ಅವರು ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನುದ್ದಕ್ಕೂ ನೋಡಿ ನಾಲಿಗೆ ಲೊಚಗುಟ್ಟಿದರು. ಆರು ತಂತಿ ಸೇರಿ ಒಬ್ಬ ದಢೂತಿ ಮನುಷ್ಯನಷ್ಟು ಭಾರ ಎಳೆಯುತ್ತವಂತೆ. “ಅಜ್ಜಿ, ನನ್ನಂಥೋನೊಬ್ಬ ಹಗಲೂ ರಾತ್ರಿ ಇದರ ಮೇಲೆ ಜೋತಾಡ್ಕೊಂಡಿದಾನೆ ಅಂದ್ಕೊಳ್ಳಿ. ಮೊದಲು ಅವನನ್ನ ಇಳಿಸ್ಬೇಕು. ತಂತಿ ಸಡಿಲ ಮಾಡ್ದೆ ನಾನೇನೂ ಮಾಡಕ್ಕಾಗಲ್ಲ. ಇನ್ನೊಂದು ಬೇಸಿಗೆ ಇದು ತಡೆಯಲ್ಲ” ಎಂದರು.

ಅತ್ತೆ, ಸಡಿಲ ಮಾಡುವುದು ಬಿಟ್ಟು ಬೇರೇನಾದರೂ ಮಾಡಿ ಎಂದರು.

“ಬೇರೇನು? ಬುದ್ಧಿ ಹೇಳ್ಬಹುದು. ಇದು ಕೇಳತ್ತಾ?”

“ನಿಮ್ಮ ಮಂಡಿ ಕೇಳತ್ತಾ?” ಎಂದರು ಅತ್ತೆ.

ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟವಾಯಿತೆಂದು ತೋರುತ್ತದೆ. ಆದರೆ ಕೆಲಸ ಆಗಲಿಲ್ಲ. ಅವರು ಹೊರಡುವ ಮೊದಲು ಮತ್ತೊಮ್ಮೆ ಬಗ್ಗಿ, ತಂತಿಯ ಮೇಲೆ ಉಗುರು ಎಳೆದು, “ಈ ತಂತಿ ನೋಡಿದ್ರೆ...” ಎಂದು ಬಾಯಿ ತೆರೆದರು. ಆಗ ನಿಮ್ಮಣ್ಣ ಕೆಮ್ಮಿದರು. ನಿಮ್ಮಣ್ಣ ಕೆಮ್ಮುವವರಲ್ಲ. ಕೆಮ್ಮಿದ್ದಲ್ಲದೆ ಅವರ ತೋಳು ಹಿಡಿದು, ಬನ್ನಿ ಕೆಳಗಿನವರೆಗೂ ಬಿಟ್ಟುಬರುತ್ತೇನೆ ಎಂದು ಹೊರಡಿಸಿಯೂಬಿಟ್ಟರು. ನಾನು ಕಸದ ಚೀಲ ಹಿಡಿದು ಹಿಂದೆಯೇ ಇಳಿದೆ. ಎರಡನೇ ಮಹಡಿಯ ತಿರುವಿನಲ್ಲಿ ಆ ಮನುಷ್ಯ ನಿಂತು ಏದುಸಿರು ಬಿಡುತ್ತಾ ಕೇಳಿದ್ದು ಕಿವಿಗೆ ಬಿತ್ತು: “ಹನ್ನೊಂದು ವರ್ಷದಿಂದ ಯಾರೂ ಮುಟ್ಟಿಲ್ಲ ಅಂತಾರಲ್ಲ ಅಜ್ಜಿ. ಆ ಮೂರನೇ ತಂತಿಗೆ ವರ್ಷ ತುಂಬಿಲ್ಲ. ತೀರಿಹೋದೋರು ಅಂಗಡಿಗೆ ಬಂದು ತಗೊಂಡ್ಹೋಗ್ತಿದ್ರಾ?”

ನಿಮ್ಮಣ್ಣ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

ಅವರು ನನಗೆ ಹೇಳಿದ್ದು ಮರುದಿನ, ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ. ನನ್ನ ಮುಖ ನೋಡದೆ, ಒಂದು ದುಪ್ಪಟಿಯ ಆಚೆ ಬದಿಯಲ್ಲಿ ನಿಂತು ಹೇಳಿದರು. ಇದನ್ನು ನಿನಗೆ ಬರೆ ಎಂದವರೂ ಅವರೇ. ನಿನ್ನ ಪಾಲಿನ ವಸ್ತುವಿಗೆ ಆದದ್ದು ನಿನಗೆ ಗೊತ್ತಿರಬೇಕು ಎಂದು.

ಮಾವ ಹೋದ ಕೆಲವು ತಿಂಗಳಿಗೆ, ಒಂದು ಭಾನುವಾರ, ಅತ್ತೆ ಹೆಬ್ಬೆರಳು ಸವರಿದಾಗ ತಂತಿಗಳು ಸಡಿಲಾಗಿದ್ದವಂತೆ. ತಂತಿಯೆಂದ ಮೇಲೆ ಸಡಿಲಾಗುವುದೇ. ಒಂದು ಮಳೆ ಸಾಕು, ಒಂದು ಬಿಸಿಲು ಸಾಕು. ಅತ್ತೆ “ಇದೆ” ಎನ್ನಲಿಲ್ಲ. ಬಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದರು. ನಿಮ್ಮಣ್ಣ ಬಾಗಿಲ ಬಳಿಯಿಂದ ನೋಡಿದರು. “ಅಮ್ಮ ಆ ಥರ ನಿಂತದ್ದು ಅಪ್ಪ ಹೋದ ದಿನವೂ ನೋಡಿರಲಿಲ್ಲ” ಎಂದರು. ಮರುವಾರ ಅವರು ಬಟ್ಟೆ ಕ್ಲಿಪ್ಪಿನಷ್ಟು ಪುಟ್ಟ ಯಂತ್ರವೊಂದನ್ನು ತಂದರು. ಗಿಟಾರಿನ ತಲೆಗೆ ಸಿಕ್ಕಿಸಿದರೆ ಶ್ರುತಿ ಸರಿಯಾದಾಗ ಹಸಿರು ದೀಪ ಹತ್ತುತ್ತದೆ. ಶನಿವಾರ ಅತ್ತೆ ಸ್ನಾನಕ್ಕೆ ಹೋದಾಗ ಬೀರು ತೆರೆದು, ತಂತಿಗಳನ್ನು ಒಂದೊಂದಾಗಿ ಹಸಿರು ಬರುವವರೆಗೆ ಬಿಗಿ ಮಾಡಿದರು. ಭಾನುವಾರ ಅತ್ತೆ ಸವರಿದರು, ಸ್ವಲ್ಪ ಹೊತ್ತು ತಡೆದರು, “ಇದೆ” ಎಂದರು. ಅಲ್ಲಿಂದ ಮುಂದೆ ಶನಿವಾರಗಳೆಲ್ಲ ಹಾಗೆಯೇ. ತಂತಿ ತುಂಡಾದಾಗ ಹೊಸದು ಹಾಕಿದ್ದಾರೆ, ಹೊಸದರ ಹೊಳಪು ಕಾಣದಿರಲೆಂದು ಪೆನ್ಸಿಲಿನ ಸೀಸ ಉಜ್ಜಿದ್ದಾರೆ. ಅತ್ತೆಯ ಕಣ್ಣು ಮಂಜಾದ ಮೇಲೂ ಉಜ್ಜಿದ್ದಾರೆ. ಈ ಕಡೆಯ ವಿವರ ಹೇಳುವಾಗ ಮಾತ್ರ ಅವರಿಗೆ ಸ್ವಲ್ಪ ನಗು ಬಂತು.

ನಿಮ್ಮಣ್ಣನ ಕೆಲಸ ಗೊತ್ತಲ್ಲ. ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವರು. ಒಂದು ಗುಲಗಂಜಿ ಆಚೀಚೆ ಆದರೂ ನಿದ್ದೆ ಬರದವರು. “ಹನ್ನೊಂದು ವರ್ಷ ಅಪ್ಪನ ಶ್ರುತಿ ಒಂದು ಕೂದಲೆಳೆ ತಪ್ಪೋಕೆ ಬಿಟ್ಟಿಲ್ಲ” ಎಂದರು. ಅದರಲ್ಲಿ ಪಶ್ಚಾತ್ತಾಪವಿರಲಿಲ್ಲ, ಒಂದು ಬಗೆಯ ವೃತ್ತಿಯ ಹೆಮ್ಮೆ ಇತ್ತು. ಆಮೇಲೆ ದುಪ್ಪಟಿಯ ಆಚೆಯಿಂದಲೇ, “ನಾನು ಬಿಗಿ ಮಾಡ್ತಾ ಹೋಗಿದ್ದಕ್ಕೇ ಕಿತ್ಕೊಂಡು ಬಂತು ಅಂತಾನೆ ಆ ಮರವಜ್ರ. ಸಡಿಲಾಗೋಕೆ ಬಿಟ್ಟಿದ್ರೆ ಅದರ ಪಾಡಿಗೆ ಅದು ಉಳ್ಕೊಳ್ತಿತ್ತಂತೆ” ಎಂದರು. ನಾನು ಮುಂದಿನ ದಿಂಬಿನ ಚೀಲ ಹರವಿದೆ. ಕ್ಲಿಪ್ಪು ಕೊಡಿ ಎಂದೆ. ಕೊಟ್ಟರು.

ನನ್ನ ಕೆಲಸದಲ್ಲಿ ಒಂದು ಮಾತಿದೆ. ಹಲ್ಲಿನ ಮೇಲಿನ ಸೆಟ್ಟೂ ಕೆಳಗಿನ ಸೆಟ್ಟೂ ಕೂಡುವಲ್ಲಿ ಒಂದು ಕಾಗದದಷ್ಟು ಎತ್ತರ ಹೆಚ್ಚಾದರೂ ದವಡೆ ನೋಯುತ್ತದೆ. ಆದರೆ ಬಂದು ಹೇಳುವವರು ಕಡಿಮೆ. ಹೆಚ್ಚಿನವರು ಇನ್ನೊಂದು ಪಕ್ಕದಲ್ಲಿ ಅಗಿಯುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ. ವರ್ಷಗಳಾದ ಮೇಲೆ ಬೇರಾವುದಕ್ಕೋ ಬಂದಾಗ ನೋಡಿದರೆ ಸೆಟ್ಟು ಒಂದೇ ಪಕ್ಕ ಸವೆದಿರುತ್ತದೆ. ನಾನು ಅವರನ್ನು ಬೈಯುವುದನ್ನು ಬಿಟ್ಟಿದ್ದೇನೆ. ಬೈಯಲೂ ದಣಿವಾಗುತ್ತದೆ.

ಆ ತಿಂಗಳಿಡೀ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ನಿಮ್ಮಣ್ಣನಿಗೆ ತಂತಿ ಸಡಿಲಿಸಬೇಕು, ಆದರೆ ಅದು ಅಪ್ಪನ ಕೈ ಮಾಡಿಟ್ಟ ಶ್ರುತಿ ಅಲ್ಲವೆಂದು ಅಮ್ಮನಿಗೆ ತಿಳಿಯಬಾರದು. ಅತ್ತೆಗೆ ಗಿಟಾರ್ ಉಳಿಯಬೇಕು, ಆದರೆ ಬಿರಡೆ ತಿರುಗಬಾರದು. ಒಬ್ಬರು ಊಟಕ್ಕೆ ಕೂತಾಗ ಇನ್ನೊಬ್ಬರು ನನ್ನ ಬಳಿ ಬಂದು ಪಿಸುಗುಟ್ಟುವುದು. ನಾನು ಇಬ್ಬರಿಗೂ ಹೂಂ ಎಂದೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಜಾಣೆ ಎನ್ನುತ್ತಿದ್ದರು. ಎರಡೂ ಕಡೆ ಹೂಂ ಎನ್ನುವುದಕ್ಕೇ ಹಾಗೆನ್ನುತ್ತಿದ್ದರೆಂದು ಅರ್ಥವಾಗುವಷ್ಟರಲ್ಲಿ ಕೂದಲು ನೆರೆತಿತ್ತು. ಕೆಲಸ ಮುಗಿಸಿ ಬಂದು ಬೂಟು ಬಿಚ್ಚುವಾಗ ಬೀರುವಿನ ಕಡೆ ನೋಡುತ್ತಿದ್ದೆ. ಉಗುರು ತೂರುತ್ತಿದ್ದ ಸಂದಿಯಲ್ಲಿ ಈಗ ಬಳಪ ತೂರುವಂತಾಗಿತ್ತು. ಪುಟ್ಟ ಸದ್ದಾದರೂ ನಾವು ಮೂವರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಮತ್ತೆ ತಗ್ಗಿಸುತ್ತಿದ್ದೆವು.

ಕೊನೆಗೆ ಅತ್ತೆ ಒಪ್ಪಿದರು. ಯಾಕೆ ಒಪ್ಪಿದರೆಂದು ಕೇಳಬೇಡ, ಅವರಿಗೂ ದಣಿವಾಗಿರಬೇಕು. ನೀನು ಬರುತ್ತೀಯೆಂಬ ಆಸೆಯೂ ಇರಬಹುದು. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮಣ್ಣ ಅವರ ಎದುರು ಕೂತು ತಕ್ಕಡಿಯ ಉದಾಹರಣೆ ಕೊಟ್ಟು ತುಂಬ ಹೊತ್ತು ವಿವರಿಸಿದ್ದರು. ಅದೇ ನಾಟಿತೆಂದು ಅವರ ನಂಬಿಕೆ. ಇರಲಿ. ಬುಧವಾರ ತಂತಿ ಸಡಿಲಿಸಿದೆ. ಗುರುವಾರ ನಾನೇ ಗಿಟಾರನ್ನು ದುಪ್ಪಟಿಯಲ್ಲಿ ಸುತ್ತಿ ಬೀಗದ ಅಂಗಡಿಯ ಮೇಲಕ್ಕೆ ಹೊತ್ತೊಯ್ದೆ. ಬಸ್ಸಿನಲ್ಲಿ ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟಳು. ಮಗುವೆಂದುಕೊಂಡಿರಬೇಕು. ನಾನೂ ಬೇಡವೆನ್ನಲಿಲ್ಲ.

ನಿನ್ನೆ ಹೋಗಿ ನೋಡಿಬಂದೆ. ಎದ್ದ ಪಟ್ಟಿಯನ್ನು ಬಿಸಿ ಚಾಕುವಿನಿಂದ ಪೂರ್ತಿ ಬಿಡಿಸಿದ್ದಾರೆ. ಹೊಟ್ಟೆಯೊಳಗಿನ ಅಡ್ಡಪಟ್ಟಿಗಳಲ್ಲಿ ಎರಡು ಬಿಟ್ಟುಕೊಂಡಿದ್ದವಂತೆ. ಮೇಲಿನ ರಂಧ್ರದಿಂದ ಕೈ ತೂರಿಸಿ, ಕನ್ನಡಿ ಹಿಡಿದು ಅಂಟಿಸಿದ್ದಾರೆ. ಕನ್ನಡಿಯಲ್ಲಿ ನೋಡುತ್ತಾ ತಿರುಗುಮುರುಗಾಗಿ ಕೈ ಆಡಿಸುವುದು ನನಗೂ ಅಭ್ಯಾಸವೇ ಆದ್ದರಿಂದ ಆ ಮನುಷ್ಯನ ಬಗ್ಗೆ ಸ್ವಲ್ಪ ಗೌರವ ಹುಟ್ಟಿತು. ಆದರೆ ಹೇಳಿದ ದಿನಕ್ಕೆ ಮುಗಿಸುವ ಪೈಕಿಯಲ್ಲ. ಗಿಟಾರಿನ ಸುತ್ತ ಕ್ಲಾಂಪುಗಳನ್ನು ಬಿಗಿದಿದ್ದಾರೆ, ಏಡಿಗಳು ಮುತ್ತಿಕೊಂಡ ಹಾಗೆ. ಮೆರುಗು ಮಾಸಿದಲ್ಲಿ ಅರಗು ಬಳಿಯಲೇ ಎಂದು ಕೇಳಿದರು. ಮಾವನ ಮೊಣಕೈ ತಾಗಿ ಸವೆದ ಜಾಗವದು, ಬೇಡವೆಂದೆ. ಕತ್ತಿನ ಬಾಗು ಪೂರ್ತಿ ಹೋಗುವುದಿಲ್ಲವಂತೆ, ಆದರೆ ನುಡಿಸಬಹುದಂತೆ. ಇನ್ನೊಂದು ಹದಿನೈದು ದಿನ ಎಂದಿದ್ದಾರೆ. ನೀನು ಒಂದು ತಿಂಗಳು ಎಂದಿಟ್ಟುಕೊಂಡು ಬಾ.

ಹೊಸ ತಂತಿ ಹಾಕಿ ಯಾವ ಶ್ರುತಿಗೆ ಕಟ್ಟಲಿ ಎಂದು ಕೇಳಿದ್ದಾರೆ. ಮನೆಗೆ ಬಂದು ಹೇಳಿದೆ. “ಅದರಲ್ಲಿ ಕೇಳೋದೇನಿದೆ? ಸರಿಯಾದ ಶ್ರುತಿಗೆ” ಎಂದರು ನಿಮ್ಮಣ್ಣ. ಅತ್ತೆ ಎದ್ದು ಗೋಡೆ ಸವರಿಕೊಂಡು ಒಳಗೆ ಹೋದರು.

ನಿಮ್ಮಣ್ಣನ ಕೋರಿಕೆ ಒಂದೇ: ಶನಿವಾರದ ವಿಷಯ ನೀನು ಬಂದಾಗ ಅಮ್ಮನ ಕಿವಿಗೆ ಬೀಳಬಾರದು. ಹನ್ನೊಂದು ವರ್ಷ ಅಪ್ಪನದೇ ಶ್ರುತಿ ಎಂದು ನಂಬಿಕೊಂಡು ಬಂದಿದ್ದಾಳೆ, ಈ ವಯಸ್ಸಿನಲ್ಲಿ ಅದನ್ನು ಕಿತ್ತುಕೊಳ್ಳುವುದು ಬೇಡ ಎನ್ನುತ್ತಾರೆ.

ಬರುವಾಗ ದಪ್ಪನೆಯ ಶಾಲು ತಾ. ನಿನ್ನ ಹಳೇ ಕೋಣೆಯ ಕಿಟಕಿ ಇನ್ನೂ ಸರಿಯಾಗಿ ಮುಚ್ಚುವುದಿಲ್ಲ. ಈ ಮನೆಯಲ್ಲಿ ರಿಪೇರಿಗೂ ಸರದಿ ಇದೆ.

ಉಳಿದದ್ದು ಎದುರೆದುರು ಕೂತಾಗ,
ನಿನ್ನ ಅತ್ತಿಗೆ

ಓದಿದೆ. ಎಲ್ಲ ಸರಿಯಾಗಿದೆ. ಬಾ. — ಅಣ್ಣ

ಸಹಿಯ ಕೆಳಗೆ:

ನಿಮ್ಮಣ್ಣ ಓದಿ, ಮೇಲಿನ ಸಾಲು ಬರೆದು, ಕ್ಷೌರಕ್ಕೆ ಹೋಗಿದ್ದಾರೆ. ಲಕೋಟೆ ನಾನು ಅಂಟಿಸುತ್ತೇನೆಂದು ಇಟ್ಟುಕೊಂಡೆ. ಇದು ನಿನಗೊಬ್ಬಳಿಗೆ.

ಬುಧವಾರ ನಾನು ಅರ್ಧ ದಿನಕ್ಕೇ ಮನೆಗೆ ಬಂದಿದ್ದೆ, ತಲೆನೋವೆಂದು. ಬಾಗಿಲು ತೆರೆದಾಗ ಅತ್ತೆ ಬೀರುವಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಿದ್ದರು. “ಒಳ್ಳೇದಾಯ್ತು ಬಂದೆ. ಅವನು ಬರೋದ್ರೊಳಗೆ ಸಡಿಲ ಮಾಡು. ಅವನ ಕೈಯಲ್ಲಿ ಬೇಡ” ಎಂದರು. ನಾನು ಚೀಲವನ್ನೂ ಕೆಳಗಿಡದೆ ನಿಂತಿದ್ದೆ. “ಮಾಡೇ” ಎಂದು ಗದರಿದರು.

ಗಿಟಾರನ್ನು ಅವರ ತೊಡೆಯ ಮೇಲೆ ಮಲಗಿಸಿ ದಪ್ಪ ತಂತಿಯ ಬಿರಡೆ ತಿರುಗಿಸತೊಡಗಿದೆ. ಅತ್ತೆ ಹೆಬ್ಬೆರಳಿನಿಂದ ಆ ತಂತಿಯನ್ನು ಮೀಟುತ್ತಲೇ ಇದ್ದರು. ಸ್ವರ ಇಳಿಯಿತು, ಮಂಡಿನೋವಿನವರು ಮೆಟ್ಟಿಲು ಇಳಿದ ಹಾಗೆ, ತಡೆತಡೆದು. ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದರು. “ಸಾಕು. ಇಲ್ಲೇ.” ಇನ್ನೊಮ್ಮೆ ಮೀಟಿದರು. “ಇಲ್ಲಿರ್ತಿತ್ತು ಅವರದ್ದು” ಎಂದರು. ಆಮೇಲೆ ಆ ತಂತಿಯ ಜೊತೆಗೆ ಬಾಯಿ ಮುಚ್ಚಿಕೊಂಡೇ ಒಂದು ಸಾಲು ಗುನುಗಿದರು. ನಿಮ್ಮಮ್ಮ ಗುನುಗುವುದನ್ನು ನಾನು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೆಂದು ನೆನಪು ಮಾಡಿಕೊಳ್ಳಲು ಆಗಲಿಲ್ಲ. “ಅವನು ಎಳೆದು ಕಟ್ಟಿದ ಮೇಲೆ ನನ್ನ ಗಂಟಲಿಗೆ ಎಟುಕ್ತಿರಲಿಲ್ಲ” ಎಂದರು.

ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

“ಮೊದಲನೇ ಸಲವೇ. ತುಂಬಾ ಸರಿಯಾಗಿತ್ತು. ನಿಮ್ಮ ಮಾವ ಯಾವತ್ತು ಅಷ್ಟು ಸರಿಯಾ‌ಗಿದ್ರು?”

ಹಾಗಾದರೆ ಅವರಿಗೆ ಹೇಳಬಾರದಿತ್ತೇ ಎಂದೆ. ಅತ್ತೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ಏನಂತ ಹೇಳ್ಲಿ? ಅಪ್ಪ ಹೋದಾಗ ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕಲ್ಲಿನ ಹಾಗೆ ಓಡಾಡ್ತಿದ್ದ. ಇದೊಂದು ಮಾಡೋಕೆ ಶುರು ಮಾಡಿದ. ಸ್ನಾನದ ಮನೇಲಿ ನಲ್ಲಿ ನಿಲ್ಲಿಸಿ ಕೇಳ್ತಿದ್ದೆ. ಬಿರಡೆ ತಿರುಗಿಸೋ ಸದ್ದು ಬರ್ತಿತ್ತು. ಮಾಡ್ಲಿ ಬಿಡು ಅಂದ್ಕೊಂಡೆ.” ಆಮೇಲೆ, “ಅವನಿಗೆ ಹೇಳೀಯ ಮತ್ತೆ” ಎಂದು ಬೆರಳು ಆಡಿಸಿದರು. ನಾನು ಹೂಂ ಎಂದೆ. ಉಳಿದ ಐದು ತಂತಿಗಳನ್ನೂ ಸಡಿಲಿಸಿದೆ. ಆ ಭಾನುವಾರಗಳ “ಇದೆ” ಯಾರನ್ನು ಕುರಿತದ್ದೆಂದು ಆ ಹೊತ್ತಿಗೆ ಅರ್ಥವಾಗಿತ್ತು.

ನಿನ್ನೆ ಬೀಗದ ಅಂಗಡಿಯ ಮೇಲೆ ಕೂತಾಗ ಆ ಮರವಜ್ರದವರನ್ನು ಸುಮ್ಮನೆ ಎಂಬಂತೆ ಕೇಳಿದೆ. ಮಾವನ ಹಾಗೆ ಅಷ್ಟು ಇಳಿಸಿ ಕಟ್ಟಿದ್ದರೆ, ಎಷ್ಟು ಸಲ ಬಿಗಿ ಮಾಡಿದ್ದರೂ, ಹೊಟ್ಟೆ ಇಷ್ಟು ಏಳುತ್ತಿರಲಿಲ್ಲ ಎಂದರು. ಮುಂದೆಯೂ ಹಾಗೇ ಇಳಿಸಿ ಕಟ್ಟಿದರೆ ಒಳ್ಳೆಯದು, ಮುದಿ ಮರ, ತಡೆಯುತ್ತದೆ ಎಂದರು. ಸರಿಯಾದ ಶ್ರುತಿಗೆ ಕಟ್ಟಿದರೆ? ಕಟ್ಟಬಹುದು, ನುಡಿಯುತ್ತದೆ, ಆದರೆ ಎಷ್ಟು ದಿನವೆಂದು ನಾನು ಹೇಳಲಾರೆ ಎಂದರು. ಮಂಗಳವಾರದೊಳಗೆ ತಿಳಿಸಬೇಕಂತೆ; ಅದರ ಮೇಲೆ ತಂತಿ ಆರಿಸುತ್ತಾರಂತೆ.

ಇಳಿಸಿ ಕಟ್ಟಿಸಿದರೆ ನಿನ್ನ ಗಿಟಾರ್ ಉಳಿಯುತ್ತದೆ, ನೀನು ನುಡಿಸುವಾಗ ಅತ್ತೆ ಜೊತೆಯಲ್ಲಿ ಗುನುಗಲೂಬಹುದು. ಆದರೆ ನಿಮ್ಮಣ್ಣ ಆ ಪುಟ್ಟ ಯಂತ್ರ ಸಿಕ್ಕಿಸಿ ನೋಡದೆ ಬಿಡುವವರಲ್ಲ. ಹಸಿರು ಹತ್ತುವುದಿಲ್ಲ. ಯಾಕೆ ಎಂದು ನನ್ನ ಕಡೆ ನೋಡುತ್ತಾರೆ. ಆಗ ಅವರಿಗೆ ಒಂದೇ ಉಸಿರಿಗೆ ಎರಡು ತಿಳಿಯುತ್ತದೆ: ಹನ್ನೊಂದು ವರ್ಷ ತಾವು ಕಾದದ್ದು ಅಪ್ಪನ ಶ್ರುತಿಯನ್ನಲ್ಲ, ಮತ್ತು ಅದು ಅಮ್ಮನಿಗೆ ಗೊತ್ತಿತ್ತು. ಸರಿಯಾಗಿ ಕಟ್ಟಿಸಿದರೆ ಅತ್ತೆ ಹೆಬ್ಬೆರಳು ಸವರಿ “ಇದೆ” ಎನ್ನುತ್ತಾರೆ, ಮಗನಿಗಾಗಿ. ಗಿಟಾರ್ ಮತ್ತೆ ನಿಧಾನಕ್ಕೆ ಸೀಳತೊಡಗುತ್ತದೆ, ಈ ಸಲ ನಿನ್ನ ಕೈಯಲ್ಲಿ.

ನಿನ್ನ ಉತ್ತರ ಮಂಗಳವಾರದೊಳಗೆ ನನಗೆ ತಲುಪುವುದಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ನಾನು ಏನೋ ಒಂದು ಹೇಳಿಯಾಗಿರುತ್ತದೆ. ಅತ್ತೆ ಒಳಗೆ ಮಲಗಿದ್ದಾರೆ. ನಡುಮನೆಯಲ್ಲಿ ಖಾಲಿ ಬೀರುವಿನ ಎದುರು ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತು ಕೇಳಬೇಕಾದವರು ಒಬ್ಬರೇ, ಅವರು ನಾಳೆ ನೋಡೋಣ ಎಂದು ಹೋದವರು.

ನೀವಾದರೂ ಹೇಳಿ ಮಾವ, ಎಲ್ಲಿಗೆ ಕಟ್ಟಿಸಲಿ?